ತೊಟ್ಟಿಗೆ ಸುರಿದ ಬ್ಲೀಚಿಂಗ್ ಪೌಡರ್

"ಅಕ್ಕಾರ, ಹೊಲಸು ತಿನ್ನೋ ಹುಳಾನೆಲ್ಲ ಕೊಂದುಬಿಟ್ಟಾರ್ರಿ!"

ವರ್ತೂರಿನ ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕ ನೋಡಿಕೊಳ್ಳುವ ರಾಯಚೂರಿನ ಬಸಣ್ಣ, ತೊಟ್ಟಿಯ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದರು. ವಾಸನೆ ಬರುತ್ತದೆಂದು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಹಿಂದಿನ ದಿನ ಅದಕ್ಕೆ ಎರಡು ಮೂಟೆ ಬ್ಲೀಚಿಂಗ್ ಪೌಡರ್ ಸುರಿಸಿದ್ದರು. ಕೊಳಚೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೆಲ್ಲ ಸತ್ತು, ಕಪ್ಪು ನೀರು ಹಾಗೇ ಕೆರೆಗೆ ಹರಿಯುತ್ತಿತ್ತು.

ಕೇಳಲು ಹೋದರೆ ಅಧ್ಯಕ್ಷರು ನನ್ನ ಮೇಲೇ ರೇಗಿದರು. "ಬ್ಯಾಕ್ಟೀರಿಯಾ ಸಾಕೋಕೆ ನಾವೇನು ಲ್ಯಾಬ್ ಇಟ್ಕೊಂಡಿದ್ದೀವಾ ಮೇಡಂ?" ನಾತ ಹೆಚ್ಚಾಯಿತೆಂದು ಸಂಜೆಗೆ ಬಸಣ್ಣನನ್ನೇ ಕೆಲಸದಿಂದ ತೆಗೆದರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ. 'ತೊಟ್ಟಿ ಕ್ಲೀನ್ ಮಾಡಿಸಿದ್ದೇವೆ' ಎಂದು ಅಧ್ಯಕ್ಷರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದಾಗ, ಮೊದಲು ಚಪ್ಪಾಳೆ ಒತ್ತಿದವಳು ನಾನೇ.