ಲಗತ್ತು: ಒಂದು ಪ್ರಮಾಣಪತ್ರ

ಈ ಕೆಳಗೆ ನಮೂದಿಸುವ ಸಂಗತಿಯು ನನ್ನ ಅಣ್ಣನಿಗೆ ಸಂಬಂಧಿಸಿದ್ದು. ಇದರಲ್ಲಿ ಆದ ಲೋಪ ನನ್ನದೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ, ರಾಯಚೂರು ಕಡೆಯಿಂದ ಬಂದ ನಾವಿಬ್ಬರೂ ಬೆಂಗಳೂರಿನ ಮರ್ಫಿ ಟೌನಿನ ಬಾಡಿಗೆ ಕೋಣೆಯೊಂದರಲ್ಲಿದ್ದೆವು. ನಾನು ಶಿವಾಜಿನಗರದ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿ. ಅಣ್ಣ ಕಟ್ಟಡಗಳಿಂದ ತಾಮ್ರದ ತಂತಿ ಕದ್ದ ಅಪರಾಧಕ್ಕೆ ಎರಡು ವರ್ಷದ ಶಿಕ್ಷೆ ಮುಗಿಸಿ ಬಂದಿದ್ದ. ಒಳಗೆ ಮರಗೆಲಸ ಕಲಿತಿದ್ದ.

"ಕಳ್ಳರಿಗೆ ಬಿಟ್ಟಿ ಊಟ ಹಾಕಿ ಕಸುಬು ಬೇರೆ ಕಲಿಸ್ತಾರೆ. ನಾಲ್ಕು ಬಿಗಿದ್ರೆ ತಾವೇ ಸರಿಹೋಗ್ತಾರೆ" ಎಂದು ನಮ್ಮ ಹಿರಿಯ ಗುಮಾಸ್ತರು ಊಟದ ವೇಳೆ ಹೇಳುತ್ತಿದ್ದರು. ನಾನು ಡಬ್ಬಿಯಿಂದ ತಲೆ ಎತ್ತುತ್ತಿರಲಿಲ್ಲ. ಅಣ್ಣನ ವಿಷಯ ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಳೆಯ ಜೊತೆಗಾರರು ಹಲಸೂರು ಮಾರ್ಕೆಟ್ಟಿನ ಬಳಿ ಅವನನ್ನು ವಿಚಾರಿಸತೊಡಗಿದ್ದರು. ಬೇಗ ಕೆಲಸ ಸಿಗದಿದ್ದರೆ ಅವರ ಕೈಗೇ ಸಿಗುತ್ತಾನೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಕಮ್ಮನಹಳ್ಳಿಯ ಫರ್ನಿಚರ್ ಅಂಗಡಿಯ ಮಾಲೀಕರು ಅವನ ಕೈಯಲ್ಲಿ ಒಂದು ಕಿಟಕಿ ಚೌಕಟ್ಟು ಮಾಡಿಸಿ ನೋಡಿ, "ಸೋಮವಾರ ಒಂದು ಅರ್ಜಿ ತಗೊಂಡು ಬಾ. ಹೆಸರು, ವಿಳಾಸ ಇದ್ರೆ ಸಾಕು" ಎಂದರು.

ನಾನು ಕಚೇರಿಯ ಯಂತ್ರದಲ್ಲಿ ಅರ್ಜಿ ಸಿದ್ಧಪಡಿಸಿದೆ. ವಿಷಯ, ಉಲ್ಲೇಖ, ಕೊನೆಯಲ್ಲಿ 'ಲಗತ್ತು: ಮರಗೆಲಸ ತರಬೇತಿಯ ಪ್ರಮಾಣಪತ್ರ'. ಆ ಪತ್ರದ ನೆತ್ತಿಯ ಮೇಲೆ ಕಾರಾಗೃಹದ ಮೊಹರಿತ್ತು.

"ಅದೊಂದು ಬ್ಯಾಡ ತಂಗಿ. ಅವರು ಕೇಳಿಲ್ಲಲ್ಲ" ಎಂದ ಅಣ್ಣ.

"ಲಗತ್ತಿಲ್ಲದ ಅರ್ಜಿ ನಿಲ್ಲೂದಿಲ್ಲಣ್ಣ. ಫಸ್ಟ್ ಕ್ಲಾಸ್ ಬಂದದ, ಯಾಕ ಮುಚ್ಚಿಡಬೇಕು?"

"ಆತು ಮೇಡಮ್ಮನೋರ, ನಿಮ್ಮ ಆಫೀಸಿನ ಕಾನೂನು!" ಎಂದು ನಕ್ಕ. ಪಿನ್ನು ಚುಚ್ಚಿದವಳು ನಾನು.

ಸೋಮವಾರ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಮಾಲೀಕರು ಓದಿ ಕನ್ನಡಕ ತೆಗೆದರು.

"ಗುರು, ನಿನ್ನ ಕೈ ಚೆನ್ನಾಗಿದೆ. ಆದ್ರೆ ನಮ್ದು ಗಿರಾಕಿಗಳ ಮನೆಯೊಳಗೆ ಹೋಗಿ ಮಾಡೋ ಕೆಲಸ. ನಾಳೆ ಅಲ್ಲಿ ಏನಾದ್ರೂ ಕಾಣೆಯಾದ್ರೆ, ನಂಗೆ ಗೊತ್ತಿರ್ಲಿಲ್ಲ ಅನ್ಬಹುದಿತ್ತು. ಈಗ ಬರವಣಿಗೇಲೇ ಕೊಟ್ಬಿಟ್ರಲ್ಲಮ್ಮಾ."

"ಲಗತ್ತನ್ನು ವಾಪಸ್ ತಗೋತೀವಿ ಸಾರ್" ಎಂದೆ.

"ಓದಿದ್ದನ್ನ ಹೆಂಗಮ್ಮಾ ವಾಪಸ್ ತಗೋತೀರಾ?"

ಮರಳುವ ಬಸ್ಸಿನಲ್ಲಿ ಅಣ್ಣ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ತಿಂಗಳ ನಂತರ ಇಂದಿರಾನಗರದ ಹೊಸ ಕಟ್ಟಡವೊಂದರಲ್ಲಿ, ಅದೇ ಜೊತೆಗಾರರೊಂದಿಗೆ, ಅದೇ ತಾಮ್ರದ ತಂತಿಯೊಂದಿಗೆ ಸಿಕ್ಕಿಬಿದ್ದ.

ಮೊದಲ ಅಪರಾಧಕ್ಕೆ ನ್ಯಾಯಾಲಯವು ಅವನಿಗೆ ವಿಧಿಸಿದ್ದು ಎರಡೇ ವರ್ಷ. ಅದನ್ನು ಅವನು ಪೂರೈಸಿದ್ದ. ಕಸುಬು ಅವನನ್ನು ತಿದ್ದಿತ್ತು ಎಂಬುದು ನನ್ನ ನಂಬಿಕೆ. ಆ ಪತ್ರವನ್ನು ಹೊರಗೆ ಯಾರ ಮುಂದೆ ಹಿಡಿಯಬೇಕಾದೀತೆಂದು ಮೊಹರು ಒತ್ತಿದವರು ಯೋಚಿಸಿರಲಿಲ್ಲ. ನಾನೂ ಯೋಚಿಸಲಿಲ್ಲ. ಗುಮಾಸ್ತರಿಗೆ ಇದನ್ನೆಲ್ಲ ಹೇಳಬೇಕೆಂದು ಹಲವು ಬಾರಿ ಅನಿಸಿದ್ದುಂಟು, ಹೇಳಲಿಲ್ಲ.

ಎರಡನೆಯ ಶಿಕ್ಷೆಯ ಅವಧಿಯಲ್ಲಿ ನೋಡಲು ಹೋದಾಗ ಅವನು ಜಾಲರಿಯ ಆಚೆ ನಿಂತು, "ಇಲ್ಲಿ ನನಗ ಮೇಸ್ತ್ರಿ ಅಂತಾರ ತಂಗಿ. ಹೊಸಬರಿಗೆ ನಾನೇ ಗರಗಸ ಹಿಡಿಯೂದು ಕಲಿಸ್ತೀನಿ" ಎಂದ. ಮುಖದಲ್ಲಿ ನಿಜವಾದ ಸಂತೋಷವಿತ್ತು. ಆಮೇಲೆ ಧ್ವನಿ ತಗ್ಗಿಸಿದ.

"ಮುಂದಿನ ತಿಂಗಳು ದೊಡ್ಡ ಪರೀಕ್ಷಾ ಅದ. ಪಾಸಾದ್ರ ಇನ್ನೊಂದು ಸರ್ಟಿಫಿಕೇಟ್ ಕೊಡ್ತಾರ. ಬರೀಲೋ ಬ್ಯಾಡೋ?"

ಅವನು ಕಾಯುತ್ತ ನಿಂತಿದ್ದ. ಸಮಯ ಮುಗಿಯಿತೆಂದು ಹಿಂದಿನಿಂದ ಯಾರೋ ಕೂಗಿದರು.

"ಬರೀ ಅಣ್ಣಾ" ಎಂದೆ.