ಉಪ್ಪಿನ ನೆಲದಲ್ಲಿ ಬೆಂಕಿ ಆರಿಸಿದ ನಾರಪ್ಪ

ಕಂಬೈನಲ್ಲೂರಿನ ಆಚೆ, ಕುರಿಹಟ್ಟಿಯ ಮುಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾರಪ್ಪ ಆಗಲೇ ಕದಿರು ಹಿಡಿದು ಕೂತಿದ್ದಾರೆ. ಕರಿಯ ಉಣ್ಣೆ ನೂಲಾಗಿ ಇಳಿಯುತ್ತಿದೆ. ಎಳೆ ಎಲ್ಲಿ ತೆಳುವಾಯಿತೆಂದು ಬೆರಳಿಗೇ ತಿಳಿಯಬೇಕು. ಕಣ್ಣಿಗೆ ಬೆಳಕಿನ ಸುಳಿವಷ್ಟೇ ಕಾಣುತ್ತದೆ. ಒಂದು ಕಂಬಳಿಗಾಗುವಷ್ಟು ನೂಲನ್ನು ವಾರದೊಳಗೆ ಹೀಗೇ ತೆಗೆಯುತ್ತಾರೆ.

ಇವರು ಪರ್ಷಿಯಾದ ಎಣ್ಣೆಬಾವಿಯೊಂದರಲ್ಲಿ ಬಾಯ್ಲರ್ ಉರಿಸುತ್ತಿದ್ದವರೆಂದು ಊರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ರೋಗ ಬಂದು ಕುರಿಮಂದೆ ಖಾಲಿಯಾದ ವರ್ಷ, ಹರೂರಿನ ಗೆಳೆಯ ಪಳನಿಸ್ವಾಮಿಯ ಜತೆ ಹಡಗು ಹತ್ತಿದ್ದರು.

ಅಲ್ಲಿ ನೆಲದಡಿಯಲ್ಲೆಲ್ಲ ಉಪ್ಪಿನ ಹಾಸು. "ಕಲ್ಲಿನಂಗೆ ಗಟ್ಟಿ ಅಯ್ಯಾ, ಆದ್ರೂ ಸರೀತೈತೆ" ಎನ್ನುತ್ತಾರೆ. ಹೇಗೆಂದು ಕೇಳಿದರೆ, ಹೆಂಡತಿ ಅಂಕಮ್ಮ ಕಲಸಿಟ್ಟ ರಾಗಿಹಿಟ್ಟಿನ ಮೇಲೆ ಅಂಗೈ ಒತ್ತುತ್ತಾರೆ. ಹಿಟ್ಟು ಬೆರಳ ಸಂದಿಯಿಂದ ಮೇಲೇಳುತ್ತದೆ.

"ಮ್ಯಾಲೆ ಮಣ್ಣಿನ ಬಾರ ಬಿದ್ರೆ ಉಪ್ಪು ಇಂಗೇ ಏಳೋದು. ಎದ್ದ ಕಡೆ ಕಲ್ಲಿನ ಪದರ ಬಾಗ್ತೈತೆ. ಉಪ್ಪು ಸರಿದ ಕಡೆ ನೆಲ ಕುಸೀತೈತೆ, ನೀರು ತಂದ ಮಣ್ಣೆಲ್ಲ ಆ ತಗ್ಗಲ್ಲೇ ದಪ್ಪಗೆ ಕೂರ್ತೈತೆ. ಎಣ್ಣೆ ಮ್ಯಾಕೆ ಬರ್ತಾ ಬರ್ತಾ ಉಪ್ಪಿನ ಗೋಡೆಗೆ ತಗಲಿ, ಬಾಗಿದ ಪದರದ ಅಡಿ ನಿಂತ್ಕತೈತೆ."

ಇದನ್ನು ತಿಳಿಸಿದವರು ಅಲ್ಲಿನ ಎಂಜಿನಿಯರ್. ನಾರಪ್ಪ ಮೊದಲು ನಂಬಿರಲಿಲ್ಲ. ಸಂಜೆ ಇಳಿಬಿಟ್ಟ ಕೊಳವೆಯನ್ನು ಬೆಳಗಾಗುವಷ್ಟರಲ್ಲಿ ಉಪ್ಪು ಅವುಚಿ ಹಿಡಿದದ್ದನ್ನು ಕಂಡ ಮೇಲೆ ನಂಬಿದರು.

ಒಂದು ಬೆಳಗ್ಗೆ ಕೊರೆಯುವ ಉಳಿ ಉಪ್ಪನ್ನು ದಾಟಿತು. ಕೆಳಗೆ ಕಟ್ಟಿಕೊಂಡಿದ್ದ ಅನಿಲ ಭುಸ್ಸೆಂದು ಮೇಲೆದ್ದಿತು. ಕೊಳೆತ ಮೊಟ್ಟೆಯ ನಾತ. ಬಾವಿಯ ಬಳಿ ಇದ್ದವರೆಲ್ಲ ದಿಕ್ಕಾಪಾಲಾಗಿ ಓಡಿದರು. ಬಾಯ್ಲರ್ ಮಾತ್ರ ಉರಿಯುತ್ತಲೇ ಇತ್ತು. ಅನಿಲ ಆ ಬೆಂಕಿಯನ್ನು ಮುಟ್ಟಿದ್ದರೆ ಬಾವಿಯೂ ಅದರ ಮಗ್ಗುಲಿನ ಕೂಲಿಗಳ ಗುಡಿಸಲುಗಳೂ ಬೂದಿಯಾಗುತ್ತಿದ್ದವು.

ಅರ್ಧ ದಾರಿ ಓಡಿದ್ದ ನಾರಪ್ಪ ಹಿಂದಿರುಗಿದರು. ಬಾಯ್ಲರ್‌ಗೆ ಎಣ್ಣೆ ಬಿಡುವ ತಿರುಪು ಮುಚ್ಚಿ, ಅದರ ಒಲೆಯ ಬಾಯಿಗೆ ನೀರು ಸುರಿದರು, ಕೆಂಪು ಆರುವ ತನಕ ಸುರಿದರು. ಪಳನಿಸ್ವಾಮಿ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದು ಎಳೆದೊಯ್ದಾಗ ನಾರಪ್ಪನವರಿಗೆ ಉಸಿರಿತ್ತು. ಆ ವಿಷದ ಅನಿಲಕ್ಕೆ ಕಣ್ಣು ಹೋಗಿತ್ತು. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ದಿನ, ಇನ್ನೂ ಬೆಳಗಾಗಿಲ್ಲವೇ ಎಂದು ಕೇಳಿದರಂತೆ. ಪಳನಿಸ್ವಾಮಿಯೇ ಕೈಹಿಡಿದು ಊರಿಗೆ ಕರೆತಂದು ಬಿಟ್ಟರು.

"ಎಲ್ರಂಗೆ ಓಡಿದ್ರೆ ಕಣ್ಣು ಉಳೀತಿತ್ತು" ಎಂದು ಅಂಕಮ್ಮ ಈಗಲೂ ಗೊಣಗುತ್ತಾರೆ.

ನಾರಪ್ಪ ಕದಿರು ನಿಲ್ಲಿಸುತ್ತಾರೆ. "ಉಳೀತಿತ್ತು, ನಿಜ. ಅವತ್ತು ಆ ಗುಡಿಸ್ಲುಗಳಲ್ಲಿ ಎಂಗಸ್ರು ಕೂಸುಗಳ್ಗೆ ಆಲು ಕುಡಿಸ್ತಾ ಕೂತಿದ್ರು. ನನ್ನ ಒಲೆ ಬೆಂಕಿ ಅವರ ತನಕ ಓಗ್ಲಿಲ್ಲ."