ಮೂರನೇ ತೊಟ್ಟಿಯ ಗೆರೆ

ಬಾಯ್ಲರ್ ಸಿಡಿಯಬಹುದಿತ್ತು. ಬೆಲ್ಟು ಹರಿದು ಯಾರದಾದರೂ ಕೈ ಎಳೆದುಕೊಳ್ಳಬಹುದಿತ್ತು. ಹೊಟ್ಟಿನ ರಾಶಿಗೆ ಕಿಡಿ ಹಾರಬಹುದಿತ್ತು, ಒಣಹಾಕಿದ ಭತ್ತದ ಮೇಲೆ ಅಕಾಲದ ಮಳೆ ಸುರಿಯಬಹುದಿತ್ತು, ಲಿಂಗಸುಗೂರಿಗೆ ಹೊರಟ ಲಾರಿ ಕಾಲುವೆಗೆ ಉರುಳಬಹುದಿತ್ತು. ಸಿಂಧನೂರಿನ ಆ ಅಕ್ಕಿ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದಷ್ಟು ಕಾಲ ಇವನ್ನೆಲ್ಲ ದಿನಕ್ಕೊಂದು ಸಲ ಮನಸ್ಸಿನಲ್ಲೇ ನಡೆಸಿ ನೋಡಿದವನು ನಾನು. ಯಾವುದೂ ಆಗಲಿಲ್ಲ. ಆದದ್ದು ಇಷ್ಟು — ಒಂದು ಗೆರೆ ಎಳೆಯಲು ಮರೆತೆ. ಮರೆವು ದೊಡ್ಡದಲ್ಲ. ಮರುದಿನ ಕದ್ದು ಎಳೆದೆನಲ್ಲ, ಶೆಫಾಲಿ — ಎಂಟು ವರ್ಷವಾದ ಮೇಲೆ ಹೇಳಬೇಕಾಗಿರುವುದು ಅದು.

ಕುಸುಬಲಕ್ಕಿಗೆ ಭತ್ತವನ್ನು ಮೊದಲು ತೊಟ್ಟಿಯಲ್ಲಿ ನೆನೆಹಾಕಬೇಕು. ಹೊತ್ತು ಮೀರಿದರೆ ಹುಳಿ ನಾತ. ನಮ್ಮಲ್ಲಿ ಬಿಹಾರದ ಹಮಾಲರು, ತೆಲುಗಿನ ಬಾಯ್ಲರ್ ಮೇಸ್ತ್ರಿ, ಉರ್ದು ಮಾತಿನ ಫಿಟರ್, ಬಂಗಾಲಿ ನಿರಾಶ್ರಿತರ ಕ್ಯಾಂಪಿನಿಂದ ನೀನು, ದಢೇಸುಗೂರಿನಿಂದ ನಾನು. ಬಾಯಿಮಾತು ಒಬ್ಬರನ್ನು ದಾಟಿ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ಬೇರೆಯೇ ಆಗುತ್ತಿತ್ತು, ಅದಕ್ಕೇ ಸೀಮೆಸುಣ್ಣ. ಹೊತ್ತಾದಾಗ ನಾನು ತೊಟ್ಟಿಯ ಮೇಲೆ ಗೆರೆ ಎಳೆಯಬೇಕು, ಗೆರೆ ಕಂಡ ಮೇಲೆ ನೀನು ತೊಟ್ಟಿಯ ನೀರು ಹೊರಗೆ ಬಿಡಬೇಕು. ಗೆರೆಯಿಲ್ಲದೆ ಯಾರೂ ವಾಲ್ವ್ ಮುಟ್ಟುವಂತಿಲ್ಲ.

"ಅಣ್ಣಾ, ನಿಮ್ ಚಿಂತಿ ನೆನಿಹಾಕಾಕ ಈ ಮಿಲ್ಲಿನ ತೊಟ್ಟಿ ಸಾಲಂಗಿಲ್ರಿ," ಎಂದು ನಗುತ್ತಿದ್ದೆ ನೀನು.

ಆ ದಿನ ಬಾಯ್ಲರಿನ ಒತ್ತಡದ ಮುಳ್ಳು ನೋಡಲು ಐದನೇ ಸಲ ಓಡಿದ್ದೆ. ಮುಳ್ಳು ಇದ್ದಲ್ಲೇ ಇತ್ತು. ಮನೆಗೆ ಹೋದ ಮೇಲೂ ಅದರದೇ ಯೋಚನೆ — ಮೂರನೇ ತೊಟ್ಟಿ ನೆನಪಾಗಲೇ ಇಲ್ಲ.

ಬೆಳಿಗ್ಗೆ ನಾತ ಗೇಟಿನವರೆಗೂ ಬಂದಿತ್ತು. ಮಿಲ್ಲಿನ ಸಾಹುಕಾರರ ಕಾರು ಇನ್ನೂ ರಸ್ತೆಯಲ್ಲಿತ್ತು. ಒಂದು ಗೇಣು ಗೆರೆಗೆ ಎಷ್ಟು ಹೊತ್ತು ಬೇಕು?

"ಗೆರಿ ಇದ್ದಿಲ್ರಿ ಸಾವ್ಕಾರ್ರ," ಎಂದೆ ನೀನು.

"ಕಣ್ಣಿಗೆ ಕಾಣಾಕತ್ತೈತಲ್ಲಬೇ!" ಸಾಹುಕಾರರು ನನ್ನ ಕಡೆ ತಿರುಗಿದರು. "ನೀ ಹೇಳಪಾ, ನಿನ್ನಿ ಎಳದಿದ್ದೋ ಇಲ್ಲೋ?"

"ಎಳದಿದ್ನಿರಿ."

ನೀನು ನನ್ನ ಮುಖ ನೋಡಲಿಲ್ಲ. ಬೆರಳು ನೋಡಿದೆ. ಸುಣ್ಣ ಇನ್ನೂ ಹತ್ತಿಕೊಂಡಿತ್ತು. ನಾನು ಕೈಯನ್ನು ಜೇಬಿಗೆ ಇಳಿಸಿದೆ.

"ಈ ಕ್ಯಾಂಪಿನ ಮಂದೀನ ಇಷ್ಟ. ನಾಳಿಂದ ಯಾರೂ ಬರಬ್ಯಾಡ್ರಿ!"

ನಿನ್ನ ಹಿಂದೆ ಕ್ಯಾಂಪಿನ ಇನ್ನೂ ಆರು ಹೆಂಗಸರು ಬುತ್ತಿ ಎತ್ತಿಕೊಂಡು ಗೇಟು ದಾಟಿದರು. ಒಂದೇ ಕೆಟಲಿನ ಚಹಾ ಕುಡಿದವರು ನಾವು — ತಪ್ಪು ಹೊರಿಸುವಾಗ ಮಾತ್ರ ಒಬ್ಬೊಬ್ಬರ ಊರು ನೆನಪಾಗುತ್ತದೆ. ನೀನು ಹುಟ್ಟಿದ್ದೇ ಇಲ್ಲಿ. ಅಷ್ಟನ್ನಾದರೂ ಹೇಳಬಹುದಿತ್ತು... ನನಗೆ ಆಮೇಲೆ 'ಜಾಗ್ರತೆಯ ಮನುಷ್ಯ' ಎಂಬ ಹೆಸರು ಬಂತು.

ಮೊನ್ನೆ ವಳಕಮದಿನ್ನಿಗೆ ಹೋಗುವ ಆಟೋದಲ್ಲಿ ಎದುರಿಗೇ ಕೂತಿದ್ದೆ ನೀನು. ನಾಟಿಗೆ ಹೊರಟವಳು, ತೊಡೆಯ ಮೇಲೆ ಬುತ್ತಿ.

"ಅರಾಮದೀರೇನ್ರಿ ಅಣ್ಣಾ? ಈಗರ ಚಿಂತಿ ಕಮ್ಮಿ ಆಗ್ಯಾವೋ ಇಲ್ಲೋ?"

"ಹ್ಞೂಂ," ಎಂದೆ. ಉಳಿದದ್ದು ನಾಲಿಗೆಯ ಮೇಲೇ ಇತ್ತು — ಆಟೋದಲ್ಲಿ ಮಂದಿ ಇದ್ದರು — ಇಲ್ಲ, ಮಂದಿಯ ನೆಪ ಬೇಡ.

ಈ ಕಾಗದವನ್ನು ಮೊದಲು ಸಾಹುಕಾರರ ಮುಂದೆ ನಿಂತು ಓದುತ್ತೇನೆ, ಆಮೇಲೆ ನಿನ್ನ ಕ್ಯಾಂಪಿಗೆ ತರುತ್ತೇನೆ. ಓದಿದರೆ ಏನೇನು ಆಗಬಹುದು ಎಂದು ರೂಢಿಯಂತೆ ಒಂದು ಪಟ್ಟಿ ಬರೆಯಲು ಕೂತಿದ್ದೆ. ಆ ಪಟ್ಟಿಯನ್ನು ಹರಿದು ಹಾಕಿದೆ.

ಗೆರಿ ಇದ್ದಿಲ್ಲ, ಶೆಫಾಲಿ. ಇದ್ದಿಲ್ಲ.